ಬಚ್ಚಲುಮನೆಯ ಹೊಗೆ

ತೋಟದ ಕೆಳಗಿನ ಮನೆಯ ಅಕ್ಕ ಬೀಡಿ ಸೇದುತ್ತಾರೆಂದು ನನಗೆ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು. ಹುಟ್ಟಿದಾಗಿನಿಂದ ನೋಡುತ್ತಿರುವ ಮನೆ ಅದು. ನಮಗೂ ಅವರಿಗೂ ನಡುವೆ ಇರುವುದು ಒಂದು ತೋಡು, ತೋಡಿಗೆ ಅಡ್ಡವಾಗಿ ಎರಡು ಅಡಿಕೆಮರ ಹಾಕಿದ ಸಂಕ, ಅಷ್ಟೇ. ಕಾಸರಗೋಡಿನ ಬದಿಯಡ್ಕದಿಂದ ಒಳಗೆ ಬಂದರೆ ಮನೆಗಳೆಲ್ಲ ಹೀಗೆಯೇ. ಕೂಗಿದರೆ ಕೇಳುತ್ತದೆ, ನೋಡಿದರೆ ಕಾಣುವುದಿಲ್ಲ.

ಅವರ ಬಚ್ಚಲುಮನೆ ಮನೆಯಿಂದ ನಾಲ್ಕು ಮಾರು ದೂರ, ಬಾವಿಯ ಪಕ್ಕ. ಹಂಡೆಯ ಒಲೆಗೆ ತೆಂಗಿನ ಸಿಪ್ಪೆ, ಮಡಲು, ಒಣಗಿದ ಅಡಿಕೆಹಾಳೆ ತುರುಕಿ ಬೆಂಕಿ ಹಾಕಿದರೆ ಹಂಚಿನ ಸಂದುಗಳಿಂದ ಹೊಗೆ ಏಳುತ್ತದೆ. ಸಂಜೆ ಐದೂವರೆಗೆ ಆ ಹೊಗೆ ಎದ್ದರೆ ಅಕ್ಕ ನೀರು ಕಾಯಿಸುತ್ತಿದ್ದಾರೆ ಎಂದು ಲೆಕ್ಕ. 2019ರ ಮಳೆಗಾಲದಲ್ಲಿ ಒಂದು ದಿನ ಕರಿಬೇವು ಕೇಳಲು ಸಂಕ ದಾಟಿ ಹೋದವಳು ಬಚ್ಚಲಿನ ಹತ್ತಿರ ನಿಂತುಬಿಟ್ಟೆ. ಸಿಪ್ಪೆಯ ಹೊಗೆಯ ಒಳಗೆ ಇನ್ನೊಂದು ಹೊಗೆ ಇತ್ತು. ಸೇದಿ ಬಿಟ್ಟವರ ಮೂಗಿಗೆ ಅದು ತಿಳಿದಷ್ಟು ಬೇಗ ಬೇರೆ ಯಾರಿಗೂ ತಿಳಿಯುವುದಿಲ್ಲ. ಅಕ್ಕ ಹೊರಗೆ ಬಂದರು, ನನ್ನನ್ನು ನೋಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ನಾವಿಬ್ಬರೂ ಕರಿಬೇವಿನ ಗಿಡಕ್ಕೆ ಬಂದ ರೋಗದ ಬಗ್ಗೆ ಬಹಳ ಹೊತ್ತು ಮಾತನಾಡಿದೆವು.

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಸಿಗರೇಟು ಸೇದಿದವಳು. ಊರಿನಲ್ಲಿ ಇದನ್ನು ಓದುವ ಬಂಧುಗಳು ಒಂದು ಲೋಟ ನೀರು ಕುಡಿದು ಮುಂದುವರಿಯಲಿ. ರಾತ್ರಿ ಪಾಳಿಯ ಕೆಲಸ, ಮೂರು ಗಂಟೆಗೆ ಎಲ್ಲರೂ ಕೆಳಗಿಳಿದು ಚಹಾದ ಗಾಡಿಯ ಹತ್ತಿರ ನಿಲ್ಲುತ್ತಿದ್ದರು. ಅಲ್ಲಿ ಶುರುವಾಯಿತು. ದಿನಕ್ಕೆ ಆರೋ ಎಂಟೋ. ಊರಿಗೆ ಬಂದಾಗ ನಾಲ್ಕು ದಿನ ಸೇದುತ್ತಿರಲಿಲ್ಲ. ಐದನೆಯ ದಿನ ಕಾಸರಗೋಡು ರೈಲು ನಿಲ್ದಾಣದ ಹೊರಗೆ ಮುಖ ಮುಚ್ಚಿಕೊಂಡು ಅಂಗಡಿ ಹುಡುಕುತ್ತಿದ್ದೆ.

ಆ ಹನ್ನೊಂದು ವರ್ಷಗಳಲ್ಲಿ ಎಷ್ಟು ವೈದ್ಯರ ಮುಂದೆ ಕುಳಿತಿದ್ದೇನೋ ಲೆಕ್ಕವಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಮುಟ್ಟಿನ ತೊಂದರೆಗೆಂದು ಒಂದು ಚಿಕಿತ್ಸಾಲಯಕ್ಕೆ ಹೋದಾಗ ಆ ವೈದ್ಯೆ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು, ಅಪ್ಪನ ರಕ್ತದೊತ್ತಡ ಕೇಳಿದರು, ಮದುವೆ ಯಾಕೆ ಆಗಿಲ್ಲ ಎಂದೂ ಕೇಳಿದರು. ಸೇದುತ್ತೀರಾ ಎಂದು ಕೇಳಲಿಲ್ಲ. ಕೇಳದೆಯೇ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. ಮೂವತ್ತೈದು ದಾಟಿದ ಹೆಂಗಸು ಸಿಗರೇಟನ್ನೂ ಈಸ್ಟ್ರೋಜನ್ ಸೇರಿದ ಆ ಬಗೆಯ ಸಂಯುಕ್ತ ಮಾತ್ರೆಯನ್ನೂ ಒಟ್ಟಿಗೆ ಇಟ್ಟುಕೊಂಡರೆ ರಕ್ತ ಹೆಪ್ಪುಗಟ್ಟುವ, ಹೃದಯಾಘಾತವಾಗುವ, ಪಾರ್ಶ್ವವಾಯು ಬಡಿಯುವ ಅಪಾಯ ಏರುತ್ತದೆ. ಇದು ವೈದ್ಯಕೀಯದ ಹಳೆಯ ಪಾಠ. ನನಗೆ ಗೊತ್ತಾದದ್ದು ಮಾತ್ರೆಯ ಪೊಟ್ಟಣದೊಳಗಿದ್ದ ಇರುವೆಗಾತ್ರದ ಅಕ್ಷರದ ಕಾಗದದಿಂದ. ಇನ್ನೊಂದು ಸಂಗತಿ ಆ ಕಾಗದದಲ್ಲೂ ಇರಲಿಲ್ಲ. ಗಂಡಸರಿಗಿಂತ ಹೆಂಗಸರ ದೇಹ ಸಾಮಾನ್ಯವಾಗಿ ನಿಕೋಟಿನ್ ಅನ್ನು ಬೇಗ ಕರಗಿಸಿಬಿಡುತ್ತದೆ, ಈಸ್ಟ್ರೋಜನ್ ಇರುವ ಮಾತ್ರೆ ನುಂಗುವವರಲ್ಲಿ ಇನ್ನೂ ಬೇಗ. ಬೇಗ ಕರಗಿದರೆ ಬೇಗ ಬೇಕೆನಿಸುತ್ತದೆ. ಮಾತ್ರೆ ಶುರುವಾದ ಮೇಲೆ ನನ್ನ ಎಂಟು ಹತ್ತಾಗಿತ್ತು. ಕಾರಣ ನನ್ನ ದುರ್ಬಲ ಮನಸ್ಸು ಎಂದು ನಾನು ನಂಬಿದ್ದೆ.

ಬಿಡಲು ನಾಲ್ಕು ಸಲ ಹೊರಟೆ. ಎರಡು ಸಲ ಮುಟ್ಟಿನ ಹಿಂದಿನ ವಾರದಲ್ಲೇ ದಿನ ಗೊತ್ತುಮಾಡಿಕೊಂಡಿದ್ದೆ, ಪಂಚಾಂಗ ನೋಡದೆ ಮದುವೆ ಇಟ್ಟ ಹಾಗೆ. ಆ ದಿನಗಳಲ್ಲಿ ಚಡಪಡಿಕೆ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳುತ್ತವೆ, ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ನನ್ನ ಮಟ್ಟಿಗಂತೂ ಅದು ಬೆಂಕಿಗೆ ತುಪ್ಪ. ಮೂರನೆಯ ಸಲ ಒಂದೂವರೆ ತಿಂಗಳು ತಡೆದೆ, ಚೂಡಿದಾರ ಬಿಗಿಯಾಯಿತು, ಗಾಬರಿಯಾಗಿ ಮತ್ತೆ ಹಚ್ಚಿದೆ. ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ, ಕೆಲವರಿಗೆ ಏನೂ ಏರುವುದಿಲ್ಲ, ಕೆಲವರಿಗೆ ಹೆಚ್ಚು. ನಿಕೋಟಿನ್ ಹಸಿವನ್ನು ಅದುಮುತ್ತದೆ, ದೇಹದ ಉರಿಯನ್ನು ಸ್ವಲ್ಪ ಏರಿಸಿಟ್ಟಿರುತ್ತದೆ. ಅದು ಹೋದರೆ ತಟ್ಟೆ ತುಂಬಾ ಅನ್ನ ಹೋಗುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎರಡು ಅಳತೆ ದೊಡ್ಡ ಬಟ್ಟೆ ಹೊಲಿಸಿಟ್ಟುಕೊಂಡು ಕಾಯುತ್ತಿದ್ದೆ. ನಾಲ್ಕನೆಯ ಸಲ ಬಿಟ್ಟಾಗ ಆರು ಕಿಲೋ ಏರಿತು. ಊರಿಗೆ ಬಂದ ನನ್ನನ್ನು ನೋಡಿ ಅಮ್ಮ, ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯಾ, ಬೆಂಗಳೂರಿನ ನೀರು ಕೊನೆಗೂ ಹಿಡಿಯಿತು ಎಂದು ಸಂತೋಷಪಟ್ಟರು.

ಅಕ್ಕನ ವಿಷಯಕ್ಕೆ ಬರುತ್ತೇನೆ.

ಅವರು ಬೀಡಿ ಕಟ್ಟುವವರು. ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನಿಂದ ಕಣ್ಣೂರಿನವರೆಗೆ ಎಷ್ಟು ಹೆಣ್ಣುಮಕ್ಕಳ ಮದುವೆ, ಎಷ್ಟು ಗಂಡುಮಕ್ಕಳ ಕಾಲೇಜು ಬೀಡಿಯ ಮೇಲೆ ನಡೆದಿದೆ ಎಂದು ನಮ್ಮೂರಿನ ಯಾವ ಮನೆಯನ್ನು ಕೇಳಿದರೂ ಹೇಳುತ್ತಾರೆ. ಅಕ್ಕ ಹಿಂದಿನ ರಾತ್ರಿಯೇ ಎಲೆಯನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುತ್ತಾರೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯ ಒಂದು ಬದಿಗೆ ಹೊಗೆಸೊಪ್ಪಿನ ಹುಡಿ. ಚಿಟಿಕೆ ಹುಡಿ ಹರಡಿ, ಎಲೆ ಸುತ್ತಿ, ಮೂತಿ ಮಡಚಿ ಉಗುರಿನಲ್ಲಿ ಒತ್ತಿ, ನೂಲು ಬಿಗಿದರೆ ಒಂದು. ಬೆರಳುಗಳು ಈ ಕೆಲಸ ಮಾಡುವಾಗ ಕಣ್ಣು ಟಿವಿಯಲ್ಲಿರುತ್ತದೆ, ಕಿವಿ ಅಂಗಳದಲ್ಲಿರುತ್ತದೆ. ಹುಡಿಯ ಘಾಟು ಆ ಮನೆಯ ಹಾಸಿಗೆ, ಹೊದಿಕೆ, ಮೊಮ್ಮಕ್ಕಳ ಪುಸ್ತಕಕ್ಕೂ ಹಿಡಿದಿದೆ. ಕಟ್ಟುವವರು ಸೇದದಿದ್ದರೂ ಧೂಳಿನಿಂದ, ಚರ್ಮದಿಂದ ಅಷ್ಟಿಷ್ಟು ನಿಕೋಟಿನ್ ಮೈಗೆ ಸೇರುತ್ತದೆಂದು ಅವರ ಮೂತ್ರ ಪರೀಕ್ಷಿಸಿದ ಸಂಶೋಧಕರು ಕಂಡುಕೊಂಡಿದ್ದಾರೆ.

ಸೇದಲು ಕಲಿತದ್ದು ಕಟ್ಟಲು ಕಲಿಯುವುದಕ್ಕಿಂತ ಮೊದಲು. ಅಕ್ಕನ ಅಪ್ಪ ಚಾವಡಿಯಲ್ಲಿ ಕುಳಿತು ಬೀಡಿ ಹೊತ್ತಿಸಿ ತಾ ಎಂದು ಮಗಳನ್ನು ಒಲೆಯ ಹತ್ತಿರ ಕಳುಹಿಸುತ್ತಿದ್ದರು. ಬೆಂಕಿಪೆಟ್ಟಿಗೆಯ ಕಡ್ಡಿ ಉಳಿಸುವ ಮನೆ. ಕೆಂಡಕ್ಕೆ ಹಿಡಿದರೆ ಸಾಲದು, ಬೀಡಿ ಎಳೆದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಿಂದ ಚಾವಡಿಗೆ ಬರುವಷ್ಟರಲ್ಲಿ ಆರಬಾರದೆಂದರೆ ನಡುಮನೆಯಲ್ಲಿ ಇನ್ನೊಂದು ಸಲ ಎಳೆಯಬೇಕು. ಎಂಟು ವರ್ಷದ ಹುಡುಗಿ ದಿನಕ್ಕೆ ಐದಾರು ಸಲ ಹೀಗೆ ನಡೆದಳು. ಬೀಡಿಯೊಳಗೆ ಇರುವ ತಂಬಾಕು ಕಾಲು ಗ್ರಾಮಿಗಿಂತ ಹೆಚ್ಚಿಲ್ಲ, ಆದರೆ ಆರದಂತೆ ಉಳಿಸಲು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕಾಗುವುದರಿಂದ ಅದು ಸಿಗರೇಟಿಗಿಂತ ಸಾಧು ಎಂಬ ಮಾತಿನಲ್ಲಿ ಹುರುಳಿಲ್ಲ.

ಹೆಂಗಸರ ಹೊಗೆ ನಮ್ಮಲ್ಲಿ ಹೊಸತೂ ಅಲ್ಲ, ಪಟ್ಟಣದಿಂದ ಬಂದದ್ದೂ ಅಲ್ಲ. ಆಂಧ್ರದ ಶ್ರೀಕಾಕುಳಂ ಕರಾವಳಿಯಲ್ಲಿ ಹೆಂಗಸರು ಚುಟ್ಟಾದ, ಅಂದರೆ ಹೊಗೆಸೊಪ್ಪಿನ ಸುರುಟಿನ, ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಾರೆ. ಅಂಗುಳಿನ ಕ್ಯಾನ್ಸರ್ ಅಲ್ಲಿ ಹೆಚ್ಚಿರುವುದು ಅದರಿಂದ. ಕಾಞಂಗಾಡಿನ ಆಸುಪಾಸಿನ ಪಳ್ಳಿಕ್ಕರೆಯ ಮರಳು ನೆಲದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದುದು ನಮ್ಮ ಜಿಲ್ಲೆಯ ಚರಿತ್ರೆಯೇ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹೊಗೆ ಸೇದುವ ವಯಸ್ಕ ಹೆಂಗಸರು ನೂರಕ್ಕೆ ಇಬ್ಬರು, ಗಂಡಸರು ಹತ್ತೊಂಬತ್ತು. ಜಗಿಯುವ, ತಿಕ್ಕುವ, ದವಡೆಯಲ್ಲಿಡುವ ತಂಬಾಕಿಗೆ ಬಂದರೆ ಹೆಂಗಸರ ಲೆಕ್ಕ ನೂರಕ್ಕೆ ಹದಿಮೂರರ ಹತ್ತಿರ ಹೋಗುತ್ತದೆ. ನೂರಕ್ಕೆ ಇಬ್ಬರೆಂದರೆ ಸಣ್ಣದು ಎನಿಸಬಹುದು. ಈ ದೇಶದ ಅಳತೆಯಲ್ಲಿ ಅದು ತೊಂಬತ್ತು ಲಕ್ಷದ ಆಸುಪಾಸು. ಅಕ್ಕನಂಥವರು ಆ ಲೆಕ್ಕದೊಳಗೆ ಇದ್ದಾರೆಂದು ನನಗೆ ನಂಬಿಕೆಯಿಲ್ಲ. ಗಂಡನಿಗೇ ಹೇಳದ್ದನ್ನು ಪಟ್ಟಿ ಹಿಡಿದುಕೊಂಡು ಬಂದವರಿಗೆ ಯಾರು ಹೇಳುತ್ತಾರೆ?

ಕೇರಳ ಹೈಕೋರ್ಟು 1999ರಲ್ಲೇ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು, ದೇಶಕ್ಕಿಂತ ಮುಂಚೆ. ನಮ್ಮೂರಿನ ಗಂಡಸರು ಬಸ್ ತಂಗುದಾಣದಿಂದ ಅಂಗಡಿಯ ಹಿಂದಕ್ಕೆ ಹೋದರು. ಒಳ್ಳೆಯದೇ ಆಯಿತು. ಆದರೆ ಸಾರ್ವಜನಿಕ ಸ್ಥಳವನ್ನೇ ಕಾಣದ ಬೀಡಿಗೆ ಅದರಿಂದ ಏನೂ ಆಗಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾಕ್ಕೆಂದು ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ಎಲೆ, ಹುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚು ಕೂಡ ಮುಚ್ಚಿತು. ಎಲೆ ಇಲ್ಲ, ಹುಡಿ ಇಲ್ಲ. ಮನೆಯಲ್ಲಿದ್ದದ್ದು ಹತ್ತು ದಿನಕ್ಕೆ ಮುಗಿಯಿತು. ಆಮೇಲಿನ ಮೂರು ವಾರ ಅಕ್ಕ ಸೊಸೆಯೊಡನೆ ಜಗಳವಾಡಿದ್ದು, ನಡುರಾತ್ರಿ ಎದ್ದು ಅಂಗಳ ಗುಡಿಸಿದ್ದು ನಮಗೆಲ್ಲ ಕೇಳಿಸಿತು. ಕೊರೋನಾದ ಹೆದರಿಕೆಗೆ ಹೀಗಾಗಿದೆ ಎಂದು ಮನೆಯವರು ತಿಳಿದರು. ಬ್ರಾಂಚು ತೆರೆದ ಮರುದಿನ ಅಕ್ಕ ಶಾಂತರಾದರು. ಕಸಿದುಕೊಂಡು ಬಿಡಿಸಿದರೆ ಹೀಗೆಯೇ.

ಮರುವರ್ಷ ಅವರಿಗೆ ಕೆಮ್ಮು ಹಿಡಿಯಿತು. ಸಂಕ ದಾಟುವಷ್ಟರಲ್ಲಿ ದಮ್ಮು ಬರುತ್ತಿತ್ತು. ಮಗ ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ, ಗಂಡನೂ ಜೊತೆಗೆ ಹೋದರು. ಊದುವ ಪರೀಕ್ಷೆ ಮಾಡಿಸಿ, ಶ್ವಾಸಕೋಶ ಹಳತಾಗಿದೆ ಎಂದ ವೈದ್ಯರು ತಲೆಯೆತ್ತಿ ಕೇಳಿದ್ದು ಗಂಡನನ್ನು: ನೀವು ಬೀಡಿ ಸೇದುತ್ತೀರಾ? ಹೌದು ಎಂದರು ಆ ಮುದುಕ. ನಿಮ್ಮ ಹೊಗೆಯಿಂದಲೇ ನಿಮ್ಮ ಹೆಂಡತಿಗೆ ಈ ಗತಿ, ಇನ್ನಾದರೂ ನಿಲ್ಲಿಸಿ ಎಂದು ಬೈದು ಕಳುಹಿಸಿದರು. ಪಕ್ಕದವರ ಹೊಗೆಯೂ, ಕಟ್ಟಿಗೆ ಒಲೆಯ ಹೊಗೆಯೂ ಶ್ವಾಸಕೋಶ ಕೆಡಿಸುತ್ತದೆ ಎನ್ನುವುದು ನಿಜ, ಆದ್ದರಿಂದ ಆ ಬೈಗುಳ ಪೂರ್ತಿ ತಪ್ಪಲ್ಲ. ಮುದುಕ ಊರಿಗೆ ಬಂದವರೇ ಬೀಡಿಯನ್ನು ಮುಟ್ಟಲಿಲ್ಲ. ಐವತ್ತು ವರ್ಷದ ಚಟ. ಚಾವಡಿಯಲ್ಲಿ ಕೈಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿರುತ್ತಿದ್ದರು. ಅಕ್ಕ ಬಚ್ಚಲಿಗೆ ಹೋಗಿ ಬರುತ್ತಿದ್ದರು.

ಹನ್ನೆರಡನೆಯ ದಿನ ಅಕ್ಕ ನಮ್ಮ ಹಿಂದಿನ ಜಗಲಿಗೆ ಬಂದು ಕುಳಿತರು. ಅವರ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಅಲ್ಲಿದ್ದಾಗ ಸೇದುತ್ತಿದ್ದೆಯಲ್ಲ?"

"ನಿಮಗೆ ಹೇಗೆ ಗೊತ್ತು ಅಕ್ಕ?"

"ಅಂದು ಬಚ್ಚಲಿನ ಹತ್ತಿರ ನಿಂತೆಯಲ್ಲ. ಗೊತ್ತಿಲ್ಲದವರು ಹಾಗೆ ನಿಲ್ಲುವುದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ನನಗೋಸ್ಕರ ಬಿಟ್ಟು ಕುಳಿತಿದ್ದಾರೆ. ನೋಡಲು ಆಗುವುದಿಲ್ಲ" ಎಂದರು.

ಮನೆಯಲ್ಲಿ ಒಂದು ಕರಪತ್ರವಿತ್ತು, ಯಾವುದೋ ಶಿಬಿರದಲ್ಲಿ ಕೊಟ್ಟದ್ದು. ಮಲಯಾಳದಲ್ಲಿತ್ತು. ಅಕ್ಕ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವರು. ಏಳು ಭಾಷೆಗಳ ಜಿಲ್ಲೆ ಎಂದು ನಾವು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ, ಕರಪತ್ರ ಮಾತ್ರ ಒಂದರಲ್ಲೇ ಬರುತ್ತದೆ. ನಾನು ಕನ್ನಡ ಮಾಡಿ ಓದಿ ಹೇಳಿದೆ. ಓದುತ್ತಾ ಓದುತ್ತಾ ನನಗೇ ನಾಚಿಕೆಯಾಯಿತು. ಮನೆಯಲ್ಲಿರುವ ತಂಬಾಕನ್ನೆಲ್ಲ ಎಸೆಯಿರಿ ಎಂದಿತ್ತು. ಬ್ರಾಂಚಿನಿಂದ ತೂಗಿ ಕೊಟ್ಟ ಹುಡಿಯನ್ನು ಎಸೆದರೆ ನಾಡಿದ್ದು ಲೆಕ್ಕ ಕೊಡುವವರು ಯಾರು? ಬಿಡುವ ನಿರ್ಧಾರವನ್ನು ಮನೆಮಂದಿಗೆಲ್ಲ ತಿಳಿಸಿ ಎಂದಿತ್ತು. ಸೇದುವುದೇ ತಿಳಿಯದವರಿಗೆ ಬಿಡುವುದನ್ನು ತಿಳಿಸುವುದು ಹೇಗೆ? ಉಳಿಸಿದ ಹಣವನ್ನು ಡಬ್ಬಿಗೆ ಹಾಕುತ್ತಾ ಬನ್ನಿ ಎಂದು ಓದಿದಾಗ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ಅವರು ಜೀವಮಾನದಲ್ಲಿ ಒಂದು ಬೀಡಿಯನ್ನೂ ಕೊಂಡವರಲ್ಲ. ಸಾವಿರಕ್ಕೆ ಇಷ್ಟು ಹುಡಿ ಎಂದು ಕೊಟ್ಟದ್ದರಲ್ಲಿ ಚಿಟಿಕೆ ಚಿಟಿಕೆ ಉಳಿಸಿ ತಮಗೆ ಬೇಕಾದ ನಾಲ್ಕು ಕಟ್ಟಿಕೊಳ್ಳುತ್ತಿದ್ದರು.

ಆ ಕರಪತ್ರ ಬರೆದವರ ಕಣ್ಣೆದುರು ಇದ್ದದ್ದು ಅಂಗಡಿಗೆ ಹೋಗಿ ಪ್ಯಾಕೆಟು ಕೊಳ್ಳುವ, ಗೆಳೆಯರ ನಡುವೆ ಸೇದುವ, ಬಿಟ್ಟೆ ಎಂದು ಎದೆಯುಬ್ಬಿಸಿ ಹೇಳಿಕೊಳ್ಳಬಲ್ಲ ಒಬ್ಬ ಗಂಡಸು. ನನಗೂ ಅದು ಅರ್ಧ ಮಾತ್ರ ಹೊಂದುತ್ತಿತ್ತು, ಅಕ್ಕನಿಗೆ ಒಂದು ಸಾಲೂ ಹೊಂದಲಿಲ್ಲ.

ತಂಬಾಕಿನ ಪೊಟ್ಟಣಗಳ ಮೇಲೆ 2018ರಿಂದ ಅಚ್ಚಾಗುತ್ತಿರುವ ಸಹಾಯವಾಣಿ ಸಂಖ್ಯೆ ಇದೆ, 1800-11-2356. ಶುಲ್ಕವಿಲ್ಲ. ದೆಹಲಿಯಲ್ಲಿ 2016ರಲ್ಲಿ ಶುರುವಾದದ್ದು. ಈಗ ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ವಿಚಿತ್ರವೆಂದರೆ ಸಾವಿರಾರು ಬೀಡಿ ಕಟ್ಟಿದ ಅಕ್ಕ ಆ ಸಂಖ್ಯೆಯನ್ನು ನೋಡಿರಲೇ ಇಲ್ಲ. ಅವರ ಮಡಿಲಿಂದ ಬೀಡಿ ಹೋಗುವುದು ಬರಿಮೈಯಲ್ಲಿ, ಚೀಟಿ ಅಂಟುವುದು ಆಮೇಲೆ. ನನ್ನ ಮೊಬೈಲಿನಿಂದ ಕರೆ ಮಾಡಿ ಸಂಕದ ಹತ್ತಿರ ಅಕ್ಕನ ಕೈಗೆ ಕೊಟ್ಟೆ. ಆ ಕಡೆಯ ಹೆಣ್ಣುಮಗಳು ಯಾಕೆ ಸೇದುತ್ತೀರಿ ಎಂದು ಕೇಳಲಿಲ್ಲ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಎಂದು ಕೇಳಿದಳು. ದಿನಕ್ಕೆ ಎಷ್ಟು ಎನ್ನುವುದಕ್ಕಿಂತ ಇದು ಹೆಚ್ಚು ತಿಳಿಸುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೇಕೇಬೇಕೆಂದರೆ ದೇಹ ಗಟ್ಟಿಯಾಗಿ ಒಗ್ಗಿಕೊಂಡಿದೆ ಎಂದರ್ಥ.

"ಎದ್ದ ಕೂಡಲೇ" ಎಂದರು ಅಕ್ಕ. ಆಮೇಲೆ ಧ್ವನಿ ತಗ್ಗಿಸಿ, ನನ್ನ ಕಡೆ ಬೆನ್ನು ತಿರುಗಿಸಿ, "ಅದಿಲ್ಲದೆ ಹೊರಕಡೆಗೆ ಹೋಗಲು ಆಗುವುದಿಲ್ಲ" ಎಂದರು.

ಇಷ್ಟು ದೊಡ್ಡ ಗುಟ್ಟು ಇಷ್ಟು ಸಣ್ಣದಾಗಿತ್ತು. ನಿಕೋಟಿನ್ ಕರುಳನ್ನು ಚುರುಕುಮಾಡುತ್ತದೆ. ನಿಲ್ಲಿಸಿದಾಗ ಕೆಲವು ವಾರ ಮಲಬದ್ಧತೆ ಆಗುವುದು ಮಾಮೂಲು. ಅಕ್ಕ ಹಿಂದೆ ಎರಡು ಸಲ ತಾವಾಗಿಯೇ ಬಿಟ್ಟು ನೋಡಿದ್ದರಂತೆ, ಎರಡು ಸಲವೂ ಮೂರನೆಯ ದಿನ ಹೊಟ್ಟೆ ಕಲ್ಲಾಗಿ ಮರಳಿದ್ದರಂತೆ. ನನ್ನ ಸೋಲಿನಲ್ಲಿ ಚೂಡಿದಾರ ಇದ್ದ ಹಾಗೆ ಅವರ ಸೋಲಿನಲ್ಲಿ ಇದು. ಮರ್ಯಾದಸ್ಥರ ಕರಪತ್ರಗಳಲ್ಲಿ ಈ ಮಾತು ಬರುವುದಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮುಂಚಿನಿಂದಲೇ ಬಾಳೆದಿಂಡಿನ ಪಲ್ಯ, ಪಪ್ಪಾಯಿ, ಬೆಳಿಗ್ಗೆ ಎರಡು ಲೋಟ ಬಿಸಿನೀರು ಎಂದು ಶುರುಮಾಡಿದೆವು. ಯುದ್ಧಕ್ಕೆ ಅಕ್ಕಿ ಕೂಡಿಟ್ಟ ಹಾಗೆ.

ನಿಕೋಟಿನ್ ಚೂಯಿಂಗ್ ಗಮ್ಮು ತಂದುಕೊಟ್ಟದ್ದು ನಾನು. ಎರಡು ಮಿಲಿಗ್ರಾಮಿನದು ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಇನ್ನೂ ಬಲವಾದ ಮಾತ್ರೆಗಳಿವೆ, ಅವನ್ನು ವೈದ್ಯರೇ ಬರೆಯಬೇಕು. ಗಮ್ಮು ಕೊಟ್ಟ ಮೊದಲ ಸಂಜೆ ಅಕ್ಕ ಅದನ್ನು ಕಡಲೆ ಜಗಿದ ಹಾಗೆ ಜಗಿದು ರಸ ನುಂಗಿದರು. ಬಿಕ್ಕಳಿಕೆ ಹಿಡಿಯಿತು, ಎದೆ ಉರಿಯಿತು, ನನಗೆ ಬೈಗುಳ ಬಿತ್ತು. ನಾನು ವಿಧಾನ ಹೇಳಿದೆ: ಮೆಲ್ಲಗೆ ನಾಲ್ಕು ಸಲ ಜಗಿಯಬೇಕು, ಚುರುಗುಟ್ಟಿದ ಕೂಡಲೇ ನಿಲ್ಲಿಸಿ ದವಡೆಯ ಮೂಲೆಗೆ ಒತ್ತಿಟ್ಟುಕೊಳ್ಳಬೇಕು, ಚುರುಗುಟ್ಟುವುದು ನಿಂತರೆ ಮತ್ತೆ ನಾಲ್ಕು ಸಲ. ಚಹಾ ಕುಡಿದ ಕೂಡಲೇ ಬೇಡ, ಹದಿನೈದು ನಿಮಿಷ ಹೋಗಲಿ. ಅಕ್ಕ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. "ಹೊಗೆಸೊಪ್ಪು ಇಟ್ಟುಕೊಳ್ಳುವ ಹಾಗೆ ಎಂದು ಮೊದಲೇ ಹೇಳಬಾರದಿತ್ತೇ?"

ಅಲ್ಲಿಗೇ ಇನ್ನೊಂದು ಭಯ ಹುಟ್ಟಿತು. ಬೀಡಿ ಬಿಟ್ಟವರು ಎಲೆ ಅಡಿಕೆಯ ತಟ್ಟೆಯ ಕಡೆ ಕೈ ಚಾಚುವುದು ನಮ್ಮ ಕಡೆ ಬಹಳ ಸುಲಭ. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದ ಉಣ್ಣುವ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಹೇಳಲು ನನ್ನ ನಾಲಿಗೆ ಸ್ವಲ್ಪ ತಡವರಿಸಿತು. ಹೇಳಿದೆ. ಅಪ್ಪ ಒಳಗಿನಿಂದ ಕೆಮ್ಮಿದರು.

ಗಮ್ಮು ದೇಹದ ಬೇಡಿಕೆಯನ್ನು ನೋಡಿಕೊಂಡಿತು. ಉಳಿದದ್ದು ಐದೂವರೆಯ ಬಚ್ಚಲು. ಒಂದು ದಿನ ನಾನು ನೇರವಾಗಿ ಕೇಳಿದೆ, ಅಲ್ಲಿ ಕುಳಿತಾಗ ಏನು ಅನಿಸುತ್ತದೆ ಅಕ್ಕ? ಅವರು ಬಹಳ ಯೋಚಿಸಿದರು. "ಯಾರೂ ಕರೆಯುವುದಿಲ್ಲ" ಎಂದರು. ಬೆಳಿಗ್ಗೆ ಐದರಿಂದ ಮಡಿಲಲ್ಲಿ ತಡ್ಪೆ, ತಡ್ಪೆ ಇಳಿಸಿದರೆ ಸೌಟು, ಸೌಟು ಇಳಿಸಿದರೆ ಮೊಮ್ಮಗು. ಬಚ್ಚಲಿನಲ್ಲಿ ನೀರು ಕಾಯಿಸುವ ಹತ್ತು ನಿಮಿಷ ಮಾತ್ರ ಅಜ್ಜಿ ಎಲ್ಲಿ, ಅಮ್ಮ ಎಲ್ಲಿ ಎಂದು ಯಾರೂ ಕೇಳದ ಹೊತ್ತು. ಬೀಡಿ ಆ ಹೊತ್ತಿನ ಗಡಿಯಾರವಾಗಿತ್ತು. ಅದು ಮುಗಿಯುವವರೆಗೆ ಕುಳಿತಿರಬಹುದು.

ನನಗೆ ಬೆಂಗಳೂರಿನ ಮೂರು ಗಂಟೆಯ ರಾತ್ರಿ ನೆನಪಾಯಿತು. ಸೇದದ ಹುಡುಗಿಯರಿಗೆ ಕೆಳಗಿಳಿಯಲು ಕಾರಣವೇ ಇರಲಿಲ್ಲ, ಅವರು ಕುರ್ಚಿಯಲ್ಲೇ ಇರುತ್ತಿದ್ದರು. ವಿರಾಮವನ್ನು ವಿರಾಮವೆಂದೇ ಕೇಳಿ ಪಡೆಯುವ ರೂಢಿ ನಮಗಿಲ್ಲ.

ಹಾಗಾಗಿ ಬೀಡಿಯನ್ನು ತೆಗೆದರೂ ಹತ್ತು ನಿಮಿಷವನ್ನು ತೆಗೆಯಬಾರದಿತ್ತು. ಬಚ್ಚಲು ಬೇಡ, ಅಲ್ಲಿನ ಗೋಡೆಗೇ ವಾಸನೆ ಇದೆ. ಐದೂವರೆಗೆ ಅಕ್ಕ ಸಂಕದ ಆ ಬದಿಗೆ ಬಂದು ಕುಳಿತರು, ನಾನು ಈ ಬದಿಗೆ. ನೀರು ಕಾಯಿಸುವ ಕೆಲಸವನ್ನು ಮುದುಕನಿಗೆ ಒಪ್ಪಿಸಿದ್ದು ಅಕ್ಕನ ಉಪಾಯ. ಅವರಿಗೂ ಕೈಗೆ ಏನಾದರೂ ಬೇಕಿತ್ತು. ಬೇಕೆನಿಸುವ ಆ ಎಳೆತ ಒಂದೊಂದು ಸಲಕ್ಕೆ ಕೆಲವೇ ನಿಮಿಷದ್ದು, ತಡೆದರೆ ತಾನಾಗಿ ಇಳಿಯುತ್ತದೆ. ಮೊದಲ ವಾರ ಜೋರು, ಮೂರು ನಾಲ್ಕು ವಾರಕ್ಕೆ ಸಡಿಲ. ನಾವು ಮಾತನಾಡಿದ್ದು ಬೀಡಿಯ ಬಗ್ಗೆ ಅಲ್ಲವೇ ಅಲ್ಲ. ಸೊಸೆ, ಮಂಗಗಳು ತಿಂದ ಎಳನೀರು, ಕುಂಬಳೆಯಲ್ಲಿ ಯಾರದೋ ಮಗಳ ಮದುವೆಗೆ ಬಡಿಸಿದ ಪಾಯಸ. ನಾನು ಊರಿನಲ್ಲಿಲ್ಲದ ದಿನ ಅದೇ ಹೊತ್ತಿಗೆ ಫೋನು. ಸಹಾಯವಾಣಿಯವರೂ ನಡುನಡುವೆ ತಾವೇ ಕರೆ ಮಾಡಿದರು. ಆ ಹೆಣ್ಣುಮಗಳಿಗೆ ಅಕ್ಕ ಒಮ್ಮೆ ಊಟ ಆಯಿತಾ ಎಂದು ಕೇಳಿ ಕಾಲು ಗಂಟೆ ಹಿಡಿದಿಟ್ಟುಕೊಂಡಿದ್ದರು.

ತಡ್ಪೆ ಮಡಿಲಲ್ಲೇ ಉಳಿಯಿತು. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಬೀಡಿ ಕಟ್ಟುವುದನ್ನು ಬಿಟ್ಟರೆ ಅರವತ್ತನಾಲ್ಕು ವರ್ಷದ ಕೈಗೆ ಬೇರೆ ಯಾವ ಕೂಲಿ? ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿಯ ಹತ್ತಿರ ಕುಳಿತು ಕಟ್ಟುತ್ತಾರೆ. ಸಂಜೆ ಕೈಯನ್ನು ಬೂದಿ ಹಾಕಿ ತಿಕ್ಕುತ್ತಾರೆ. ದಿನವಿಡೀ ಸಾರಾಯಿ ಅಳೆದು ಕೊಟ್ಟು ಒಂದು ಹನಿ ಮುಟ್ಟದೆ ಮನೆಗೆ ಹೋಗುವುದು ಎಷ್ಟು ಕಷ್ಟವೋ ಅಷ್ಟೇ ಇದೂ.

ಎರಡು ತಿಂಗಳ ಮೇಲೆ ತಮ್ಮನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಅಕ್ಕ ತವರಿನಲ್ಲಿ ಮೂರು ಬೀಡಿ ಸೇದಿದರು. ಮರುದಿನ ಸಂಕಕ್ಕೆ ಬರಲಿಲ್ಲ. ನಾನೇ ಆ ಬದಿಗೆ ಹೋದೆ. ಎಲ್ಲ ಹಾಳಾಯಿತು ಎಂದರು. ಮೂರು ಬೀಡಿಗೆ ಎರಡು ತಿಂಗಳು ಹಾಳಾಗುವುದಿಲ್ಲ ಅಕ್ಕ, ನಾನು ಮೂರು ಸಲ ಬಿದ್ದವಳು ಎಂದೆ. ಮೊದಲನೆಯ ಯತ್ನಕ್ಕೇ ಪೂರ್ತಿ ಬಿಡುವವರು ಕಡಿಮೆ. ಅಂದು ಮುದುಕ ಬಚ್ಚಲಿನಿಂದ ಎದ್ದು ಬಂದು, ನಮ್ಮಿಬ್ಬರ ಮುಖವನ್ನೂ ನೋಡದೆ, ತಾನೂ ಬೊಜ್ಜದ ದಿನ ಒಂದು ಎಳೆದೆ ಎಂದು ತೋಡಿಗೆ ಹೇಳಿದ ಹಾಗೆ ಹೇಳಿ ಹೋದರು. ಎಷ್ಟು ದಿನದಿಂದ ಅವರಿಗೆ ಗೊತ್ತಿತ್ತು ಎಂದು ಅಕ್ಕ ಕೇಳಲಿಲ್ಲ. ಬಹುಶಃ ಐವತ್ತು ವರ್ಷದಿಂದ.

ಕೆಮ್ಮು ಪೂರ್ತಿ ಹೋಗಿಲ್ಲ, ಹಾಳಾದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ, ಹಾಳಾಗುವ ವೇಗ ಮಾತ್ರ ತಗ್ಗುತ್ತದೆ. ಸಂಕವನ್ನು ಒಂದೇ ಉಸಿರಿಗೆ ದಾಟುತ್ತಾರೆ.

ಕಳೆದ ತಿಂಗಳು ಒಂದು ಸಂಜೆ ಅಕ್ಕನ ಜೊತೆಗೆ ಇನ್ನೊಬ್ಬ ಹೆಂಗಸು ಬಂದರು. ಬ್ರಾಂಚಿನಲ್ಲಿ ಪರಿಚಯವಂತೆ, ಎರಡು ಬಸ್ಸು ಬದಲಿಸಿ ಬಂದಿದ್ದರು. ಸಂಕದ ತುದಿಯಲ್ಲಿ ನಿಂತು ಕೊಡೆಯ ಹಿಡಿಕೆಯನ್ನು ತಿರುಗಿಸುತ್ತಿದ್ದರು. ನನಗೆ ಏನು ಕೇಳಬೇಕೋ ತೋಚಲಿಲ್ಲ. ಅಕ್ಕ ಅವರನ್ನು ಹತ್ತಿರ ಕೂರಿಸಿಕೊಂಡು, ನೀರು ಕುಡಿಯಲು ಕೊಟ್ಟು, ಬಹಳ ಗಂಭೀರವಾಗಿ ಕೇಳಿದರು:

"ಬೆಳಿಗ್ಗೆ ಹೊರಕಡೆಗೆ ಸರಿಯಾಗಿ ಹೋಗುತ್ತದೆಯಾ?"